ಕವಿವರ ಬನಾರಸೀದಾಸರು: ವ್ರತವನ್ನು ಬಿಟ್ಟು ಮರಳಿ ವ್ರತಕ್ಕೆ ಬಂದ ಗೃಹಸ್ಥ

ವ್ರತನಿಯಮಗಳನ್ನು ಕೈಕೊಂಡ ಶ್ರಾವಕನ ಮನಸ್ಸಿನಲ್ಲಿ ಎಂದಾದರೊಂದು ದಿನ ಒಂದು ಸಂಶಯವು ತಲೆದೋರುವುದುಂಟು. ಆತ್ಮನು ಸ್ವಭಾವದಿಂದ ಶುದ್ಧನೇ ಆಗಿರುವಾಗ ಅಷ್ಟಮಿ ಚತುರ್ದಶಿಗಳ ಉಪವಾಸ, ರಸತ್ಯಾಗ, ಜಪ, ಸಾಮಾಯಿಕ ಇವೆಲ್ಲ ಏತಕ್ಕೆ ಎಂಬುದೇ ಆ ಸಂಶಯ. ಇದನ್ನು ತರ್ಕದಲ್ಲಿ ಮಾತ್ರವಲ್ಲದೆ ತನ್ನ ಬಾಳಿನಲ್ಲಿಯೇ ಅನುಭವಿಸಿ, ದಾರಿ ತಪ್ಪಿ, ಪುನಃ ದಾರಿಗೆ ಬಂದವರು ಆಗ್ರಾ ನಗರದ ಕವಿವರ ಬನಾರಸೀದಾಸರು. ಅವರು ಮುನಿಗಳಲ್ಲ, ಅರಸರಲ್ಲ. ಊರೂರು ತಿರುಗಿ ವ್ಯಾಪಾರ ಮಾಡಿದ ಒಬ್ಬ ಗೃಹಸ್ಥರು. ಆದುದರಿಂದಲೇ ಅವರ ಚರಿತ್ರೆಯು ಗೃಹಸ್ಥರಿಗೆ ಹೆಚ್ಚು ಹತ್ತಿರವಾದುದು.

ಬನಾರಸೀದಾಸರು ಹುಟ್ಟಿದುದು ವಿಕ್ರಮ ಸಂವತ್ 1643ರಲ್ಲಿ, ಅಂದರೆ ಕ್ರಿ.ಶ. 1586-87ರಲ್ಲಿ, ಗೋಮತೀ ನದಿಯ ತೀರದ ಜೌನಪುರದಲ್ಲಿ. ಶ್ರೀಮಾಲ ಕುಲದ ಅವರ ಮನೆತನವು ಶ್ವೇತಾಂಬರ ಖರತರ ಗಚ್ಛವನ್ನು ಅನುಸರಿಸುತ್ತಿತ್ತು. ತಂದೆ ಖರಗಸೇನರು ರತ್ನವ್ಯಾಪಾರಿಗಳು. ಮಗುವಿಗೆ ಮೊದಲು ವಿಕ್ರಮಾಜಿತನೆಂದು ಹೆಸರಿಟ್ಟಿದ್ದರು. ಪಾರ್ಶ್ವನಾಥ ತೀರ್ಥಂಕರರ ಜನ್ಮಭೂಮಿಯಾದ ಬನಾರಸಿಗೆ ಯಾತ್ರೆ ಹೋದಾಗ, ಅಲ್ಲಿಯ ಪೂಜಾರಿಯ ಮಾತಿನಂತೆ ಆ ಕ್ಷೇತ್ರದ ಹೆಸರನ್ನೇ ಇಟ್ಟರು. ಹನ್ನೊಂದನೆಯ ವಯಸ್ಸಿಗೆ ಮದುವೆಯಾಯಿತು. ಸೊಸೆಯು ಮನೆಗೆ ಬಂದ ದಿನವೇ ಮನೆಯಲ್ಲಿ ಅಜ್ಜಿಯ ಮರಣವೂ ತಂಗಿಯ ಜನನವೂ ಆದುವು. ಸಂಸಾರದ ಸ್ವರೂಪವನ್ನು ಆ ಬಾಲಕನು ಒಂದೇ ದಿನದಲ್ಲಿ ಕಂಡನು. ಮರುವರ್ಷ 1598ರಲ್ಲಿ ಜೌನಪುರದ ಅಧಿಕಾರಿಯಾದ ಕಿಲೀಚಖಾನನು ರತ್ನಪಡಿವ್ಯಾಪಾರಿಗಳನ್ನು ಹಿಡಿಸಿ ಚಾವಟಿಯಿಂದ ಹೊಡೆಸಲು, ಅವರೆಲ್ಲರೂ ಊರು ಬಿಟ್ಟು ಚದರಿದರು. ಆ ಕಷ್ಟಕಾಲದಲ್ಲಿ ಬಾಲಕನು ಕವಡೆಗಳನ್ನು ಮಾರಿ ನಾಲ್ಕು ಕಾಸು ಗಳಿಸಿದನು.

ಹದಿನಾಲ್ಕನೆಯ ವಯಸ್ಸಿನಲ್ಲಿ ಪಂಡಿತ ದೇವದತ್ತರಲ್ಲಿ ನಾಮಮಾಲೆ, ಜ್ಯೋತಿಷ, ಅಲಂಕಾರಗಳ ಪಾಠವಾಯಿತು. ಬುದ್ಧಿ ಚುರುಕಾಗಿತ್ತು, ನಡತೆ ಸಡಿಲವಾಗಿತ್ತು. ಶೃಂಗಾರಪ್ರಧಾನವಾದ ಒಂದು ಸಾವಿರ ಪದ್ಯಗಳ ಕಾವ್ಯವನ್ನು ಆ ಎಳವೆಯಲ್ಲಿಯೇ ಬರೆದರು. ಧನದ ಆಸೆಯಿಂದ ಸಂನ್ಯಾಸಿಯೊಬ್ಬನು ಕೊಟ್ಟ ಮಂತ್ರವನ್ನು ಒಂದು ವರ್ಷ ಗುಟ್ಟಾಗಿ ಜಪಿಸಿದರು. ದಿನಕ್ಕೊಂದು ಚಿನ್ನದ ನಾಣ್ಯ ದೊರೆಯುವುದೆಂಬ ಆ ಮಾತು ಸುಳ್ಳಾಯಿತು. ಬಳಿಕ ಜೋಗಿಯೊಬ್ಬನು ಕೊಟ್ಟ ಶಂಖವನ್ನು ಸಂಪತ್ತಿಗಾಗಿ ಪೂಜಿಸತೊಡಗಿದರು.

ಅವರ ಮೊದಲ ದೊಡ್ಡ ವ್ರತವು ಇದೇ ಕಾಲದ್ದು. 1604ರಲ್ಲಿ ರಾಜಕುಮಾರ ಸಲೀಮನ ರತ್ನಪಡಿವ್ಯಾಪಾರಿಯಾಗಿದ್ದ ಹೀರಾನಂದ ಮುಕೀಮರು ಸಮ್ಮೇದಶಿಖರಕ್ಕೆ ಸಂಘಯಾತ್ರೆಯನ್ನು ಹೊರಡಿಸಿದಾಗ ಖರಗಸೇನರೂ ಹೋದರು. ಮನೆಯಲ್ಲಿ ಉಳಿದ ಮಗನು ಬನಾರಸಿನ ಪಾರ್ಶ್ವನಾಥ ಸ್ವಾಮಿಯ ದರ್ಶನವಾಗುವ ತನಕ ಹಾಲು, ಮೊಸರು, ತುಪ್ಪ, ಅಕ್ಕಿ, ಎಣ್ಣೆ, ತಾಂಬೂಲಗಳನ್ನು ಮುಟ್ಟುವುದಿಲ್ಲವೆಂದು ನಿಯಮ ಹಿಡಿದನು. ಆರು ತಿಂಗಳಿಗೂ ಮಿಕ್ಕಿ ಅದನ್ನು ಪಾಲಿಸಿ, ಕಾರ್ತಿಕ ಹುಣ್ಣಿಮೆಯ ಸಮಯಕ್ಕೆ ಬನಾರಸಿಗೆ ಹೋಗಿ ದರ್ಶನ ಪಡೆದನು. ಆದರೆ ಆ ಯಾತ್ರೆಯಲ್ಲಿಯೂ ಧನದ ಆಸೆಯ ಶಂಖವು ಅವನ ಸಂಗಡವೇ ಇತ್ತು. ನಾಲಗೆಯು ಆರು ರಸಪದಾರ್ಥಗಳನ್ನು ಬಿಟ್ಟಿತ್ತು, ಮನಸ್ಸು ಒಂದು ಆಸೆಯನ್ನೂ ಬಿಟ್ಟಿರಲಿಲ್ಲ.

ಮರುವರ್ಷ 1605ರಲ್ಲಿ ಅಕ್ಬರ ಬಾದಶಹನ ಮರಣವಾರ್ತೆ ಜೌನಪುರಕ್ಕೆ ಬಂದಿತು. ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸೀದಾಸರು ಅದನ್ನು ಕೇಳಿ ಮೂರ್ಛೆಹೋಗಿ ಉರುಳಿಬಿದ್ದು ತಲೆಯೊಡೆದುಕೊಂಡರು. ಊರಿನವರು ಒಡವೆಗಳನ್ನು ಹೂತಿಟ್ಟು, ಒರಟು ಬಟ್ಟೆಯನ್ನುಟ್ಟು ದಿನಗಳನ್ನು ನೂಕಿದರು. ಗಾಯವು ಮಾದ ಮೇಲೆ, ತಾನು ಬೀಳುವಾಗ ಆ ಶಂಖವು ಏಕೆ ಕಾಯಲಿಲ್ಲವೆಂದು ಯೋಚಿಸಿ ಅದರ ಪೂಜೆಯನ್ನು ನಿಲ್ಲಿಸಿದರು. ಒಂದು ದಿನ ಗೆಳೆಯರೊಡನೆ ಗೋಮತಿಯ ಸೇತುವೆಯ ಮೇಲೆ ಕುಳಿತು ತಮ್ಮ ಶೃಂಗಾರಕಾವ್ಯವನ್ನು ಓದುತ್ತಿದ್ದಾಗ, ಒಂದು ಸುಳ್ಳಾಡಿದವನೇ ನರಕಕ್ಕೆ ಹೋಗುವುದಾದರೆ ಇಷ್ಟೊಂದು ಸುಳ್ಳನ್ನು ಕಟ್ಟಿದ ತನ್ನ ಗತಿಯೇನೆಂಬ ಭಯವುಂಟಾಗಿ ಹೊತ್ತಗೆಯನ್ನು ನದಿಗೆ ಎಸೆದುಬಿಟ್ಟರು. ಅಂದಿನಿಂದ ಜಿನದರ್ಶನವಿಲ್ಲದೆ ಊಟವಿಲ್ಲ. ಹದಿನಾಲ್ಕು ನಿಯಮಗಳು, ಸಾಮಾಯಿಕ, ಪ್ರತಿಕ್ರಮಣಗಳು ನಡೆದುವು. ಹಸಿರು ಪದಾರ್ಥಗಳಿಗೆ ಮಿತಿಯೂ ಬದನೆಕಾಯಿಗೆ ಯಾವಜ್ಜೀವ ತ್ಯಾಗವೂ ಆದುವು.

1610ರ ಸುಮಾರಿಗೆ ಖರಗಸೇನರು ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ಗಾಡಿಗೇರಿಸಿ ಮಗನನ್ನು ಆಗ್ರಾಕ್ಕೆ ಕಳುಹಿಸಿದರು. ಇಟಾವಾದ ಬಳಿ ಮಳೆ ಸುರಿದಾಗ ರಾತ್ರಿ ತಂಗಲು ಎಡೆಯೇ ದೊರೆಯಲಿಲ್ಲ. ಆಗ್ರಾದಲ್ಲಿ ಬಂಡವಾಳವೆಲ್ಲ ಕರಗಿ, ಕಚೋರಿ ಮಾರುವವನೊಬ್ಬನಲ್ಲಿ ಹಲವು ತಿಂಗಳು ಸಾಲವಾಗಿ ಉಂಡು ಬದುಕಿದರು. ಹೀಗೆ ನೊಂದು ಖೈರಾಬಾದಿನ ಮಾವನ ಮನೆಗೆ ಬಂದಾಗ, ಹೆಂಡತಿಯು ತಾನು ಕೂಡಿಟ್ಟಿದ್ದ 20 ರೂಪಾಯಿಗಳನ್ನು ಕೈಗಿತ್ತು, ತಾಯಿಯಲ್ಲಿ ಮೊರೆಯಿಟ್ಟು ಗುಟ್ಟಾಗಿ ಇನ್ನೂ 200 ರೂಪಾಯಿಗಳನ್ನು ಕೊಡಿಸಿದಳು. ಆ ಹಣದಿಂದ ಪುನಃ ವ್ಯಾಪಾರವು ಚಿಗುರಿತು. ಆ ಸಾಧ್ವಿಯು ಮುಂದೆ ಶಿಶುವಿನೊಡನೆ ತೀರಿಕೊಂಡಳು.

ದಾರಿಯ ಅಪಾಯಗಳು ಒಂದೆರಡಲ್ಲ. ಒಮ್ಮೆ ಸಂಗಡಿಗರೊಡನೆ ಕಾಡಿನಲ್ಲಿ ದಾರಿ ತಪ್ಪಿ ಕಳ್ಳರ ಹಳ್ಳಿಯನ್ನೇ ಹೊಕ್ಕರು. ಬನಾರಸೀದಾಸರು ಕಳ್ಳರ ಮುಖಂಡನಿಗೆ ಸಂಸ್ಕೃತ ಶ್ಲೋಕ ಹೇಳಿ ಹರಸಿದರು. ರಾತ್ರಿಯಲ್ಲಿ ಬಟ್ಟೆಯ ನೂಲಿನಿಂದ ಜನಿವಾರ ಹೊಸೆದು, ಮಣ್ಣಿನಿಂದ ತಿಲಕವಿಟ್ಟು ಬ್ರಾಹ್ಮಣರಂತೆ ಕುಳಿತರು. ಬೆಳಗ್ಗೆ ಮುಖಂಡನೇ ನಮಸ್ಕರಿಸಿ ದಾರಿ ತೋರಿಸಿದನು. ಇನ್ನೊಮ್ಮೆ ಖೋಟಾ ನಾಣ್ಯದ ಆರೋಪದಿಂದ ಶೂಲಕ್ಕೇರುವ ಹಂತ ಬಂದು, ಪರಿಚಿತರ ಸಾಕ್ಷ್ಯದಿಂದ ಪ್ರಾಣ ಉಳಿಯಿತು. ಆಗ್ರಾದಲ್ಲಿ ಪ್ಲೇಗು ಹಬ್ಬಿದಾಗ ಹಳ್ಳಿಯೊಂದರಲ್ಲಿ ತಲೆಮರೆಸಿಕೊಂಡರು. ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಅಹಿಚ್ಛತ್ರ, ಹಸ್ತಿನಾಪುರಗಳ ಯಾತ್ರೆಯನ್ನೂ ಮಾಡಿದರು. ಮೂರು ಮದುವೆಗಳಾದುವು, ಏಳು ಗಂಡು ಎರಡು ಹೆಣ್ಣು ಮಕ್ಕಳು ಹುಟ್ಟಿದುವು, ಒಂಬತ್ತು ಮಕ್ಕಳೂ ತಂದೆಯ ಕಣ್ಣೆದುರಿನಲ್ಲಿಯೇ ತೀರಿಹೋದುವು.

ಇಂತಹ ಬಾಳಿನ ನಡುವೆ, 1623ರಲ್ಲಿ ಖೈರಾಬಾದಿನ ಅರಥಮಲ್ಲರು ಕುಂದಕುಂದಾಚಾರ್ಯರ ಸಮಯಸಾರಕ್ಕೆ ಸಂಬಂಧಿಸಿದ ರಾಜಮಲ್ಲರ ಭಾಷಾಟೀಕೆಯನ್ನು ಅವರ ಕೈಗಿತ್ತರು. ಶುದ್ಧಾತ್ಮನ ವರ್ಣನೆಯನ್ನು ಓದಿದ ಬನಾರಸೀದಾಸರಿಗೆ ಹೊರಗಿನ ಆಚರಣೆಗಳೆಲ್ಲ ಬರಿದಾಗಿ ತೋರಿದುವು. ಜಪ, ತಪ, ಸಾಮಾಯಿಕ, ಪ್ರತಿಕ್ರಮಣಗಳನ್ನು ಬಿಟ್ಟರು. ಹಿಡಿದ ನಿಯಮಗಳು ಹೋದುವು. ದೇವರಿಗೆ ಅರ್ಪಿಸಿದ ನೈವೇದ್ಯವನ್ನೇ ತಿನ್ನುವ ಮಟ್ಟಕ್ಕೆ ಇಳಿದರು. ಚಂದ್ರಭಾನ, ಉದಯಕರಣ, ಥಾನಮಲ್ಲರೆಂಬ ಗೆಳೆಯರೊಡನೆ ಕೋಣೆಯೊಂದರಲ್ಲಿ ಬಟ್ಟೆ ಕಳಚಿ ತಿರುಗಾಡುತ್ತ, ತಾವೇ ಮುನಿಗಳೆಂದು ಹೇಳಿಕೊಂಡು ನಗುತ್ತಿದ್ದರು. ಊರಿನ ಶ್ರಾವಕರು ನಿಂದಿಸಿದರು. ನಿಶ್ಚಯನಯದ ಮಾತನ್ನು ನಾಲಗೆಗೆ ತಂದುಕೊಂಡಿದ್ದರೇ ಹೊರತು, ಅದಕ್ಕೆ ತಕ್ಕ ಪರಿಣಾಮವು ಒಳಗೆ ಹುಟ್ಟಿರಲಿಲ್ಲ. ಹೀಗೆ ಹನ್ನೆರಡು ವರ್ಷಗಳು ಕಳೆದುವು.

1635ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು, ತಿಹುನಾ ಸಾಹುಗಳು ಕಟ್ಟಿಸಿದ ಮಂದಿರದಲ್ಲಿ ಇಳಿದುಕೊಂಡು ಗೋಮ್ಮಟಸಾರದ ಪ್ರವಚನವನ್ನು ಆರಂಭಿಸಿದರು. ಇದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಶ್ರವಣಬೆಳಗೊಳದಲ್ಲಿ ಬಾಹುಬಲಿ ಸ್ವಾಮಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ರಚಿಸಿದ ಗ್ರಂಥವದು. ಅದಕ್ಕೆ ಕೇಶವವರ್ಣಿಗಳು 1359ರಲ್ಲಿ ಕನ್ನಡದಲ್ಲಿಯೇ ಟೀಕೆಯನ್ನು ಬರೆದರು. ಈ ನಾಡಿನಲ್ಲಿ ಹುಟ್ಟಿದ ಆ ಗ್ರಂಥವು ಆರುನೂರು ವರ್ಷಗಳ ಮೇಲೆ ಯಮುನಾ ತೀರದ ವರ್ತಕನೊಬ್ಬನ ಭ್ರಮೆಯನ್ನು ಕಳೆಯಿತು.

ರೂಪಚಂದರು ಹದಿನಾಲ್ಕು ಗುಣಸ್ಥಾನಗಳನ್ನು ಒಂದೊಂದಾಗಿ ವಿವರಿಸಿದರು. ನಾಲ್ಕನೆಯ ಗುಣಸ್ಥಾನದಲ್ಲಿ ಶ್ರದ್ಧೆಯುಂಟು, ವ್ರತವಿಲ್ಲ. ಐದನೆಯದರಲ್ಲಿ ಅಣುವ್ರತಗಳ ದೇಶಸಂಯಮವುಂಟು. ಆರನೆಯದು ಮಹಾವ್ರತಿಗಳಾದ ಮುನಿಗಳದು. ಯಾವ ಮೆಟ್ಟಿಲಿನಲ್ಲಿ ನಿಂತವನಿಗೆ ಯಾವ ಕ್ರಿಯೆ ಉಚಿತವೋ ಅದನ್ನು ಅವನು ಬಿಡಲಾಗದು. ಮೇಲಿನ ಮೆಟ್ಟಿಲಿನ ಮಾತನ್ನಾಡಿದ ಮಾತ್ರಕ್ಕೆ ಕೆಳಗಿನವನು ಮೇಲಕ್ಕೇರುವುದಿಲ್ಲ. ಇದನ್ನು ಕೇಳಿದ ಬನಾರಸೀದಾಸರ ಸಂಶಯವು ಹರಿಯಿತು. ತಾನು ಓದಿದ ಸಮಯಸಾರದಲ್ಲಿ ತಪ್ಪಿರಲಿಲ್ಲ, ತಾನು ಅದನ್ನು ಓದಿದ ಬಗೆಯಲ್ಲಿ ತಪ್ಪಿತ್ತೆಂದು ಅರಿತು ಸ್ಯಾದ್ವಾದದಲ್ಲಿ ದೃಢರಾದರು.

ಮರುವರ್ಷ 1636ರಲ್ಲಿ ಅಮೃತಚಂದ್ರಾಚಾರ್ಯರ ಕಲಶಗಳನ್ನು ಅನುಸರಿಸಿ 727 ಪದ್ಯಗಳ ಸಮಯಸಾರ ನಾಟಕವನ್ನು ಮುಗಿಸಿದರು. ಕೊನೆಯಲ್ಲಿ ಗುಣಸ್ಥಾನಗಳ ವಿಚಾರವನ್ನೂ ಸೇರಿಸಿದರು. ಕುಂವರಪಾಲ, ಧರ್ಮದಾಸ, ಭಗವತೀದಾಸ, ಚತುರ್ಭುಜ ಮೊದಲಾದ ಗೆಳೆಯರ ಚಿಕ್ಕ ಗೋಷ್ಠಿಯೇ ಅವರ ಬಳಗ. ಹಗಲೆಲ್ಲ ವ್ಯಾಪಾರದಲ್ಲಿ ದುಡಿಯುವ ಆ ಗೃಹಸ್ಥರು ಒಂದೆಡೆ ಕುಳಿತು ಆತ್ಮತತ್ತ್ವವನ್ನು ಚರ್ಚಿಸುತ್ತಿದ್ದರು. ಉತ್ತರದ ದಿಗಂಬರ ಸಮಾಜದಲ್ಲಿ ಮುಂದೆ ಬೆಳೆದ ತೇರಾಪಂಥದ ವಿಚಾರಗಳಿಗೆ ಈ ಗೋಷ್ಠಿಯು ಒಂದು ಮೂಲವಾಯಿತು.

1641ರಲ್ಲಿ ಐವತ್ತೈದನೆಯ ವಯಸ್ಸಿನಲ್ಲಿ ಅವರು ತಮ್ಮ ಬಾಳನ್ನೇ ಅರ್ಧಕಥಾನಕವೆಂಬ ಹೆಸರಿನಿಂದ ಪದ್ಯರೂಪದಲ್ಲಿ ಬರೆದರು. ಮನುಷ್ಯಾಯುಷ್ಯವು ನೂರಹತ್ತು ವರ್ಷವೆಂದೆಣಿಸಿ, ತಮ್ಮದು ಅರ್ಧಕಥೆಯೆಂದರು. ಅದರ ಕೊನೆಯಲ್ಲಿ ತಮ್ಮ ಗುಣಗಳೊಡನೆ ದೋಷಗಳನ್ನೂ ಪಟ್ಟಿಮಾಡಿ, ತಮ್ಮಲ್ಲಿ ಜಪತಪಸಂಯಮಗಳ ಬಲವಿಲ್ಲವೆಂದೂ ಮನೆಯ ಮೋಹವು ಇನ್ನೂ ಬಿಟ್ಟಿಲ್ಲವೆಂದೂ ಒಪ್ಪಿಕೊಂಡರು. ಹಿಂದೆ ಸಂಯಮವು ಬೇಡವೆಂದು ನಕ್ಕವರೇ, ಸಂಯಮವಿಲ್ಲದಿರುವುದನ್ನು ಈಗ ತಮ್ಮ ಕೊರತೆಯೆಂದು ಬರೆದರು. ಸುಮಾರು 1643ರಲ್ಲಿ ಅವರು ಸ್ವರ್ಗಸ್ಥರಾದರು. ಉಳಿದರ್ಧ ಕಥೆಯನ್ನು ಬರೆಯಲು ಆಯುಷ್ಯವು ಒದಗಲಿಲ್ಲ. 1644ರಲ್ಲಿ ಜಗಜೀವನರು ಅವರ ಬಿಡಿ ಕೃತಿಗಳನ್ನು ಬನಾರಸೀವಿಲಾಸವೆಂದು ಸಂಕಲಿಸಿದರು.

ನೋಂಪಿಯನ್ನು ಹಿಡಿದ ಮನೆಗಳಲ್ಲಿ ಈ ಚರಿತ್ರೆಯು ಎರಡು ವಿಧದ ಎಚ್ಚರಿಕೆಯನ್ನು ಕೊಡುತ್ತದೆ. ಆಸೆಯನ್ನು ಒಳಗಿಟ್ಟುಕೊಂಡು ಹಾಲುತುಪ್ಪಗಳನ್ನು ಮಾತ್ರ ಬಿಟ್ಟರೆ ಆ ತ್ಯಾಗವು ಅರ್ಧವಾಗಿಯೇ ಉಳಿಯುತ್ತದೆ. ಆತ್ಮನ ಶುದ್ಧತೆಯನ್ನು ಮಾತಿನಲ್ಲಿ ಹೊಗಳುತ್ತ ಹಿಡಿದ ನಿಯಮವನ್ನು ಕೈಬಿಟ್ಟರೆ ಇದ್ದ ಮೆಟ್ಟಿಲೂ ತಪ್ಪುತ್ತದೆ. ತನ್ನ ಮೆಟ್ಟಿಲು ಯಾವುದೆಂದು ತಿಳಿದು, ಅಲ್ಲಿಗೆ ಸಲ್ಲುವ ಚಿಕ್ಕ ನಿಯಮವನ್ನು ಶ್ರದ್ಧೆಯಿಂದ ನಡೆಸುವುದೇ ಶ್ರಾವಕನಿಗೆ ಶ್ರೇಯಸ್ಕರವಾದುದು.