ದೊಡ್ಡ ಸ್ವಾಮಿಯವರು: ಅಬ್ಬೆ ದುಬಾಯ್

ನಮ್ಮ ಇಗರ್ಜಿಯು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಸಿದ್ಧಕಟ್ಟೆಗೆ ಎಂದೂ ಬಾರದ ಒಬ್ಬ ಗುರುಗಳನ್ನು ನಾವು ಸ್ಮರಿಸಬಯಸುತ್ತೇವೆ. ನಮ್ಮ ಪೂರ್ವಜರು ಸೆರೆಯಿದ್ದ ಊರಿನಲ್ಲಿ, ವಿಶ್ವಾಸದಿಂದ ಜಾರಿದವರನ್ನು ಮರಳಿ ಕರೆತರುವ ಕಾರ್ಯ ಅವರ ಪಾಲಿಗೆ ಬಂದಿತ್ತು.

ಝಾಂ ಆಂತ್ವಾನ್ ದುಬಾಯ್ ಫ್ರಾನ್ಸಿನವರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ವಿದೇಶೀ ಮಿಶನಿನ ಪರವಾಗಿ ಭಾರತಕ್ಕೆ ಹೊರಟರು. ಅವರು ಬಿಟ್ಟುಬಂದ ನಾಡಿನಲ್ಲಿ ಮರುವರ್ಷವೇ ಇಗರ್ಜಿಗಳ ಬಾಗಿಲು ಮುಚ್ಚಲಾಯಿತು. ಅನೇಕ ಗುರುಗಳು ಯಾಜಕತ್ವವನ್ನೇ ತ್ಯಜಿಸಿದರು. ಕೆಲವರು ಪ್ರಾಣಭಯದಿಂದ, ಇನ್ನು ಕೆಲವರು ಮನಃಪೂರ್ವಕವಾಗಿ.

ಇತ್ತ ಕೆನರಾದಲ್ಲಿ 1784ರಲ್ಲಿಯೇ ಟಿಪ್ಪು ಸುಲ್ತಾನನು, ಆಂಗ್ಲರಿಗೆ ನೆರವಾದರೆಂಬ ಸಂಶಯದಿಂದ, ಕಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಅಟ್ಟಿದ್ದನು. ಇಗರ್ಜಿಗಳು ನೆಲಸಮವಾದವು. ನೆರೆಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಯು ಮೂಡಬಿದ್ರೆಯ ಜೈನ ಅರಸು ಚೌಟರ ಕೃಪೆಯಿಂದ ಉಳಿಯಿತೆಂದು ನಮ್ಮ ಹಿರಿಯರು ಕೃತಜ್ಞತೆಯಿಂದ ಹೇಳುತ್ತಾ ಬಂದಿದ್ದಾರೆ. ಸೆರೆಯವರಲ್ಲಿ ಎಷ್ಟೋ ಜನ ಘಟ್ಟದ ಹಾದಿಯಲ್ಲೇ ಅಳಿದರು. ಅನೇಕರನ್ನು ಬಲಾತ್ಕಾರದಿಂದ ಮತಾಂತರಿಸಲಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ದುಬಾಯ್ ಸ್ವಾಮಿಗಳು ಅಲ್ಲಿಗೆ ಬಂದು, ಚದುರಿದ ಕ್ರೈಸ್ತ ಸಮುದಾಯವನ್ನು ಮತ್ತೆ ಕೂಡಿಸಿದರು. ಬಾಗಿದ ತಲೆಯಿಂದ ಬಂದವರಿಗೆ ಅವರು ಬಾಗಿಲು ಮುಚ್ಚಲಿಲ್ಲ. ಈ ದೇಶದವರಂತೆಯೇ ಉಡುಪು ತೊಟ್ಟು, ಸಾತ್ವಿಕ ಆಹಾರ ಸೇವಿಸಿ ಬಾಳಿದ ಅವರನ್ನು ಜನರು ದೊಡ್ಡ ಸ್ವಾಮಿಯವರೆಂದು ಕರೆದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ರೈತರನ್ನು ನೆಲೆಗೊಳಿಸಿದರು. ಸಿಡುಬಿನ ವಿರುದ್ಧ ಸಾವಿರಾರು ಮಂದಿಗೆ ದೇವಿ ಹಾಕಿಸಿದರು. ಹಿಂದೂ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಆದರೆ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಅವರು ಕಹಿಯಾದ ಮಾತನ್ನು ಬರೆದರು. ಅಷ್ಟೊಂದು ಸಾವಿರ ಸೆರೆಯಾಳುಗಳಲ್ಲಿ ವಿಶ್ವಾಸಕ್ಕಾಗಿ ಪ್ರಾಣ ತೆರಲು ಒಬ್ಬನೂ ಮುಂದಾಗಲಿಲ್ಲವೆಂಬುದು ಅವರ ಆಕ್ಷೇಪ. ಆ ಸಂತ್ರಸ್ತರ ಸಂತತಿಯವರಾದ ನಮಗೆ ಈ ತೀರ್ಪು ಕಠೋರವೆಂದೇ ತೋರುತ್ತದೆ. ಕತ್ತಿಯ ಮುಂದೆ ತುಟಿ ನುಡಿದುದನ್ನೆಲ್ಲ ಹೃದಯ ನುಡಿಯಿತೆನ್ನಲಾಗದು. ಹಾಗಿಲ್ಲದಿದ್ದರೆ ಹದಿನೈದು ವರ್ಷಗಳ ಬಳಿಕ ಬದುಕುಳಿದವರು ಘಟ್ಟವಿಳಿದು ಬಂದು, ಪಾಳುಬಿದ್ದ ಗೋಡೆಗಳ ಮೇಲೆ ಇಗರ್ಜಿಗಳನ್ನು ಏಕೆ ಎಬ್ಬಿಸುತ್ತಿದ್ದರು?

ಅದೇ ಪತ್ರಗಳ ಇನ್ನೊಂದು ದುಃಖವನ್ನು ಮಾತ್ರ ನಾವು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆವು. ತಾವು ಜ್ಞಾನಸ್ನಾನವಿತ್ತ ಕೆಲವು ನೂರು ಜನರಲ್ಲಿ ಹೆಚ್ಚಿನವರು ವಿವಾಹಸಂಬಂಧಕ್ಕಾಗಿ, ಲಾಭಕ್ಕಾಗಿ ಬಂದವರೆಂದೂ, ಆಸೆ ಕೈಗೂಡದಿದ್ದಾಗ ಹಲವರು ತಾವಾಗಿಯೇ ಹೊರಟುಹೋದರೆಂದೂ ಅವರು ಒಪ್ಪಿಕೊಂಡರು. ಇವರ ಕುತ್ತಿಗೆಯ ಮೇಲೆ ಯಾವ ಸುಲ್ತಾನನ ಕತ್ತಿಯೂ ಇರಲಿಲ್ಲ. ಬಲಾತ್ಕಾರದಿಂದ ಬಿದ್ದವನು ಮನೆಯ ದಾರಿಯನ್ನು ನೆನಪಿಟ್ಟುಕೊಂಡಿರುತ್ತಾನೆ. ಬೇಡವೆಂದು ಎದ್ದುಹೋದವನಿಗೆ ದಾರಿಯ ನೆನಪೇ ಬೇಡವಾಗುತ್ತದೆ. ಆದಿವಾರದ ಪೂಜೆಯ ಗಂಟೆ ಕೇಳಿಯೂ ಕುಳಿತಲ್ಲೇ ಕುಳಿತಿರುವ ನಮ್ಮಲ್ಲಿ ಕೆಲವರನ್ನು ಯಾವ ಸೈನ್ಯವು ತಡೆದಿದೆ?

1823ರಲ್ಲಿ ದುಬಾಯ್ ಸ್ವಾಮಿಗಳು ಭಾರತವನ್ನು ಬಿಟ್ಟು ಸ್ವದೇಶಕ್ಕೆ ಮರಳಿದರು. ಮುಂದೆ ಪ್ಯಾರಿಸಿನ ತಮ್ಮ ಮಿಶನ್ ಸೆಮಿನರಿಯ ನಿರ್ದೇಶಕರಲ್ಲೊಬ್ಬರಾಗಿ, ಈ ನಾಡಿಗೆ ಬರಲಿದ್ದ ಯುವಕರನ್ನು ಸಿದ್ಧಪಡಿಸುತ್ತಾ ಉಳಿದ ಆಯುಷ್ಯವನ್ನು ಕಳೆದರು. 1848ರ ಫೆಬ್ರವರಿ 17ರಂದು ಅಲ್ಲಿಯೇ ದೈವಾಧೀನರಾದರು.