ಸದ್ದು ಮಾಡದ ಬ್ಯಾಟಿನ ಹಿರೋಜಿ ಸಾತೋ



ಮಹನೀಯರ ಜೀವನ ಅಂದ ಕೂಡಲೇ ನಾವೆಲ್ಲ ಗಾಂಧೀಜಿಯವರ ಬಗ್ಗೆ, ಇಲ್ಲಾ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುತ್ತೇವೆ. ಈ ಸಲ ನಾನು ಒಬ್ಬ ಆಟಗಾರನ ಬಗ್ಗೆ ಬರೆದಿದ್ದೇನೆ. ಅದಕ್ಕೊಂದು ಕಾರಣ ಇದೆ. ಬರುವ ಶನಿವಾರ ತಾಲ್ಲೂಕು ಮಟ್ಟದ ಟೇಬಲ್ ಟೆನಿಸ್ ಪಂದ್ಯ. ನಮ್ಮ ಶಾಲೆಯಿಂದ ನಾನು ಹೋಗಬೇಕು. ಮೊನ್ನೆ ಪಟ್ಟಣದಿಂದ ಬಂದ ನಮ್ಮ ಮಾವ ಹೊಸ ಬ್ಯಾಟು ತಂದುಕೊಟ್ಟರು. ಎರಡೂ ಕಡೆ ದಪ್ಪ ಸ್ಪಂಜಿನ ರಬ್ಬರು, ಹೊಳೆಯುವ ಕೆಂಪು ಬಣ್ಣ. ವರಾಂಡದಲ್ಲಿ ಎರಡು ಬೆಂಚು ಜೋಡಿಸಿ, ನಡುವೆ ಇಟ್ಟಿಗೆ ಸಾಲು ಇಟ್ಟು ಕಲಿತ ನನಗೆ ಇಷ್ಟು ದಿನ ಇದ್ದದ್ದು ಸವೆದ ಹಳೇ ಬ್ಯಾಟು. ಶನಿವಾರ ಯಾವುದು ಹಿಡಿಯಲಿ? ಪಿ.ಟಿ. ಮೇಷ್ಟ್ರನ್ನು ಕೇಳಿದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಾತೋ ಅನ್ನುವವನ ಕಥೆ ಹೇಳಿ, ಯೋಚನೆ ಮಾಡು ಅಂದರು. ಆ ಕಥೆಯೇ ಇದು.

ಹಿರೋಜಿ ಸಾತೋ ಜಪಾನ್ ದೇಶದವನು. ಹುಟ್ಟಿದ್ದು 1925ರಲ್ಲಿ. ಕಣ್ಣಿಗೆ ಕನ್ನಡಕ, ಸಣ್ಣ ಆಳು. ನೋಡಿದರೆ ದೊಡ್ಡ ಆಟಗಾರ ಅಂತ ಯಾರೂ ಹೇಳುವಂತಿರಲಿಲ್ಲ. ನಾವು ಪೆನ್ನು ಹಿಡಿಯುತ್ತೇವಲ್ಲ, ಹಾಗೆ ಬ್ಯಾಟು ಹಿಡಿದು ಆಡುತ್ತಿದ್ದ.

1952ರ ಫೆಬ್ರವರಿಯಲ್ಲಿ ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಷಿಪ್ ನಡೆದದ್ದು ಎಲ್ಲಿ ಗೊತ್ತೇ? ನಮ್ಮ ಭಾರತದಲ್ಲೇ, ಆಗಿನ ಬೊಂಬಾಯಿಯಲ್ಲಿ! ಏಷ್ಯಾ ಖಂಡದಲ್ಲಿ ಈ ಪಂದ್ಯಾವಳಿ ನಡೆದದ್ದು ಅದೇ ಮೊದಲು. ಅಲ್ಲಿಯವರೆಗೆ ಈ ಆಟದಲ್ಲಿ ಹಂಗೇರಿ, ಚೆಕೊಸ್ಲೊವಾಕಿಯಾ, ಇಂಗ್ಲೆಂಡ್ ಮುಂತಾದ ದೇಶದವರದ್ದೇ ಮೇಲುಗೈ. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನಿಗೆ ಇನ್ನೂ ಆ ಪೆಟ್ಟಿನಿಂದ ಪೂರ್ತಿ ಚೇತರಿಕೆ ಆಗಿರಲಿಲ್ಲ. ಅಂಥ ದೇಶದಿಂದ ಬಂದವನು ನಮ್ಮ ಸಾತೋ.

ಆ ಕಾಲದ ಬ್ಯಾಟು ಹೇಗಿತ್ತು ಅಂತ ಮೊದಲು ತಿಳಿಯಬೇಕು. ಮರದ ಹಲಗೆಯ ಮೇಲೆ ಚುಕ್ಕೆ ಚುಕ್ಕೆ ಇರುವ ತೆಳು ರಬ್ಬರು ಅಂಟಿಸುತ್ತಿದ್ದರು. ಒಳಗೆ ಸ್ಪಂಜು ಇರುತ್ತಿರಲಿಲ್ಲ. ಚೆಂಡು ತಾಗಿದರೆ ಟಕ್ ಅಂತ ಸದ್ದು. ಆಟಗಾರರು ಕಣ್ಣಿನಲ್ಲಿ ಮಾತ್ರ ಅಲ್ಲ, ಕಿವಿಯಲ್ಲೂ ಆಡುತ್ತಿದ್ದರು. ಸದ್ದು ಜೋರಾದರೆ ಜೋರು ಹೊಡೆತ, ಮೆಲ್ಲಗಾದರೆ ಮೆಲ್ಲಗಿನ ಹೊಡೆತ ಅಂತ ತಿಳಿದುಬಿಡುತ್ತಿತ್ತು.

ಸಾತೋ ತಂದ ಬ್ಯಾಟಿಗೆ ರಬ್ಬರೇ ಇಲ್ಲ, ಬರೀ ದಪ್ಪ ಸ್ಪಂಜು! ಚೆಂಡು ಅದರೊಳಗೆ ಹೂತು ಹೋದ ಹಾಗೆ ಆಗಿ, ಆಮೇಲೆ ಚಿಮ್ಮುತ್ತಿತ್ತು. ಸದ್ದೇ ಇಲ್ಲ. ಎದುರಿನವನಿಗೆ ಚೆಂಡು ಯಾವಾಗ ಹೊರಟಿತು, ಎಷ್ಟು ವೇಗ, ಎಷ್ಟು ತಿರುಗುತ್ತಿದೆ ಒಂದೂ ತಿಳಿಯದು. ಅಮೆರಿಕದ ಮಾರ್ಟಿ ರೈಸ್ಮನ್ ಎಂಬ ಪ್ರಚಂಡ ಹೊಡೆತಗಾರ ತಾನೇ ಗೆಲ್ಲುವೆ ಅಂದುಕೊಂಡು ಬಂದಿದ್ದ. ಅವನೂ ಸಾತೋ ಮುಂದೆ ಸೋತ. ಫೈನಲ್‌ನಲ್ಲಿ ಹಂಗೇರಿಯ ಯೋಜೆಫ್ ಕೊಟ್ಸಿಯಾನ್‌ನನ್ನು ಸೋಲಿಸಿ ಸಾತೋ ವಿಶ್ವ ಚಾಂಪಿಯನ್ ಆದ. ಪುರುಷರ ಸಿಂಗಲ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಏಷ್ಯಾದವನು ಇವನೇ. ಅದೇ ಸಲ ಪುರುಷರ ಡಬಲ್ಸ್, ಮಹಿಳೆಯರ ಡಬಲ್ಸ್, ಮಹಿಳೆಯರ ತಂಡದ ಕಪ್ಪು ಕೂಡ ಜಪಾನಿಗೇ ಹೋದವು.

ಆದರೆ ಸಾತೋ ಮತ್ತೆ ಆ ಪದವಿ ಗೆಲ್ಲಲೇ ಇಲ್ಲ. ಅವನ ಬ್ಯಾಟಿನ ಗುಟ್ಟು ಎಲ್ಲರಿಗೂ ಗೊತ್ತಾಗಿತ್ತು. ಅವನ ದೇಶದವನೇ ಆದ ಇಚಿರೊ ಒಗಿಮುರಾ ಸ್ಪಂಜಿನ ಬ್ಯಾಟು ಹಿಡಿದು 1954ರಲ್ಲಿ ಲಂಡನ್ನಿನಲ್ಲಿ ಗೆದ್ದ. ಇದರಿಂದ ಆಟವೇ ಕೆಡುತ್ತದೆ ಅಂತ ಕೆಲವರು, ಇದೇ ಮುಂದಿನ ಆಟ ಅಂತ ಕೆಲವರು, ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ 1959ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ನಿಯಮ ಮಾಡಿತು. ಬರೀ ಸ್ಪಂಜು ಕೂಡದು. ಸ್ಪಂಜಿನ ಮೇಲೆ ರಬ್ಬರು ಇರಲೇಬೇಕು, ಎರಡೂ ಸೇರಿ 4 ಮಿಲಿಮೀಟರ್ ದಾಟಬಾರದು. ಮಾವ ತಂದ ಬ್ಯಾಟೂ ಇದೇ ಲೆಕ್ಕದ್ದು. ಅಂದರೆ ನನ್ನ ಕೈಗೆ ಬಂದಿರುವುದು ಸಾತೋವಿನ ಬ್ಯಾಟಿನ ಮೊಮ್ಮಗ!

ಸಾತೋ 2000ದಲ್ಲಿ ತೀರಿಕೊಂಡ. ಅದೇ ವರ್ಷ ಚೆಂಡಿನ ಅಳತೆಯನ್ನೂ 38 ಮಿಲಿಮೀಟರ್‌ನಿಂದ 40ಕ್ಕೆ ಹೆಚ್ಚಿಸಿದರು.

ಇಷ್ಟು ಕೇಳಿದ ಮೇಲೆ ನನಗೆ ಮೊದಲು ಅನಿಸಿದ್ದು, ಹಾಗಾದರೆ ನಾನೂ ಹೊಸ ಬ್ಯಾಟೇ ಹಿಡಿಯಬೇಕು, ಸಾತೋ ಗೆದ್ದ ಹಾಗೆ ನಾನೂ ಗೆಲ್ತೀನಿ ಅಂತ. ರಾತ್ರಿ ಮಲಗಿದಾಗ ಬೇರೆ ವಿಚಾರ ಹೊಳೆಯಿತು. ಆ ಬ್ಯಾಟು ಹೊಸದಾಗಿದ್ದದ್ದು ಸಾತೋಗೆ ಅಲ್ಲ, ಅವನ ಎದುರಾಳಿಗಳಿಗೆ. ಅವನು ತನ್ನ ದೇಶದಲ್ಲೇ ಅದರಲ್ಲಿ ಆಡಿ ಕೈ ಪಳಗಿಸಿಕೊಂಡು ಬಂದಿದ್ದ. ಪಾಪ, ಎದುರಿನವರ ಕೈಗೆ, ಕಿವಿಗೆ ಅಭ್ಯಾಸ ಆಗಲು ಸಮಯ ಸಿಗಲಿಲ್ಲ. ಅದಕ್ಕೇ ಸೋತರು. ನಾನು ನಾಲ್ಕು ದಿನ ಇರುವಾಗ ಬ್ಯಾಟು ಬದಲಾಯಿಸಿದರೆ ನಾನು ಸಾತೋ ಆಗುವುದಿಲ್ಲ, ಅವನ ಎದುರಿಗೆ ನಿಂತವನ ಹಾಗೆ ಆಗ್ತೀನಿ. ನನ್ನ ಬ್ಯಾಟೇ ನನಗೆ ಗೊತ್ತಿರುವುದಿಲ್ಲ.

ನಿನ್ನೆ ಸಂಜೆ ಪರೀಕ್ಷೆ ಮಾಡಿಯೂ ನೋಡಿದೆ. ಹೊಸ ಬ್ಯಾಟಿನಲ್ಲಿ ಹತ್ತು ಸರ್ವಿಸ್ ಮಾಡಿದರೆ ಆರು ಬೆಂಚು ದಾಟಿ ಹೂವಿನ ಪಾತಿಗೆ ಬಿದ್ದವು. ಹಳೆಯದರಲ್ಲಿ ಒಂದೇ ಒಂದು ತಪ್ಪಿತು.

ರೈಸ್ಮನ್ನನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಸ್ಪಂಜಿಲ್ಲದ ಹಳೇ ಬ್ಯಾಟನ್ನು ಅವನು ಬಿಡಲಿಲ್ಲ. ಅಂಥ ಬ್ಯಾಟಿಗೇ ಮೀಸಲಾದ ಅಮೆರಿಕದ ರಾಷ್ಟ್ರೀಯ ಪಂದ್ಯದಲ್ಲಿ 1997ರಲ್ಲಿ ಗೆದ್ದ. ಆಗ ಅವನ ವಯಸ್ಸು 67! ಹೊಸದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೊಸದಕ್ಕೆ ದಿನಗಳು ಬೇಕು, ಅಷ್ಟೇ.

ಶನಿವಾರ ನಾನು ಹಳೇ ಬ್ಯಾಟಿನಲ್ಲೇ ಆಡುತ್ತೇನೆ. ಸೋಮವಾರದಿಂದ ಹೊಸದರಲ್ಲಿ ಅಭ್ಯಾಸ. ಆದರೆ ಮಾವ ಕೂಲಿ ದುಡ್ಡಿನಲ್ಲಿ ಉಳಿಸಿ ತಂದದ್ದು ಅದು, ಪಂದ್ಯ ನೋಡೋಕೆ ಬೇರೆ ಬರ್ತಾರೆ. ಕೈಯಲ್ಲಿ ಹಳೆಯದನ್ನು ನೋಡಿದರೆ ಬೇಜಾರು ಮಾಡಿಕೊಳ್ಳಬಹುದು. ಅದಕ್ಕೆ ಶುಕ್ರವಾರ ಸಂಜೆ ಅವರನ್ನು ಶಾಲೆಗೇ ಕರೆದುಕೊಂಡು ಬಂದು ಈ ಗೋಡೆಯ ಮುಂದೆ ನಿಲ್ಲಿಸಿ ಓದಿಸಬೇಕು ಅಂತ ಇದ್ದೀನಿ.

ಇಂತಿ ನಿಮ್ಮ ಗೆಳೆಯ,
ಹತ್ತನೇ ತರಗತಿ