ಹೃದಯಕ್ಕೆ ದಾರಿ ಕಂಡ ಫೋರ್ಸ್‌ಮನ್
ಹೃದಯಾಘಾತ ಶಂಕಿತರಿಗೆ ಆಂಜಿಯೋಗ್ರಾಂ ತಕ್ಷಣವೇ ಮಾಡಬೇಕೆ, ಕೆಲವರ ವಿಷಯದಲ್ಲಿ ಒಂದು ದಿನ ಕಾಯಬಹುದೆ ಎಂಬುದು ಇಂದಿನ ವೈದ್ಯರ ಚರ್ಚೆ. ಆದರೆ ಜೀವಂತ ಹೃದಯದೊಳಗೆ ನಳಿಕೆ ತೂರಿಸುವುದೇ ಹುಚ್ಚುತನವೆನಿಸಿದ್ದ ಕಾಲವೊಂದಿತ್ತು.

1904ರಲ್ಲಿ ಬರ್ಲಿನ್‌ನಲ್ಲಿ ಜನಿಸಿದ ವರ್ನರ್ ಫೋರ್ಸ್‌ಮನ್, 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ಕಿರಿಯ ವೈದ್ಯರಾಗಿದ್ದರು. ತುರ್ತು ಸಮಯದಲ್ಲಿ ಔಷಧವನ್ನು ನೇರ ಹೃದಯಕ್ಕೆ ತಲುಪಿಸುವ ಮಾರ್ಗ ಅವರಿಗೆ ಬೇಕಿತ್ತು. ಮೇಲಧಿಕಾರಿ ಅನುಮತಿ ನೀಡಲಿಲ್ಲ. ಫೋರ್ಸ್‌ಮನ್ ತಮ್ಮದೇ ಎಡತೋಳಿನ ಅಭಿಧಮನಿಯಲ್ಲಿ 65 ಸೆಂ.ಮೀ. ನಳಿಕೆ ಸೇರಿಸಿಕೊಂಡು, ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದರು! ನಳಿಕೆಯ ತುದಿ ಬಲ ಹೃತ್ಕರ್ಣ ಮುಟ್ಟಿತ್ತು.

ಸಿಕ್ಕಿದ್ದು ಮನ್ನಣೆಯಲ್ಲ, ತಿರಸ್ಕಾರ. ಅವರು ಮೂತ್ರರೋಗ ತಜ್ಞರಾದರು. ನಾತ್ಸಿ ಪಕ್ಷ ಸೇರಿದ್ದು ಬದುಕಿನ ಕಪ್ಪುಚುಕ್ಕೆ. ಅಮೆರಿಕದ ಕೂರ್ನಾಂಡ್, ರಿಚರ್ಡ್ಸ್ ಆ ವಿಧಾನವನ್ನು ಬೆಳೆಸಿದರು. 1956ರಲ್ಲಿ ಮೂವರಿಗೂ ನೊಬೆಲ್ ಬಂತು. ಎರಡು ವರ್ಷಗಳ ನಂತರ ಕ್ಲೀವ್‌ಲ್ಯಾಂಡ್‌ನಲ್ಲಿ ಮೇಸನ್ ಸೋನ್ಸ್ ನಳಿಕೆಯಿಂದಲೇ ಹೃದಯದ ರಕ್ತನಾಳಗಳ ಚಿತ್ರ ತೆಗೆದರು, ಅದೂ ಆಕಸ್ಮಿಕವಾಗಿ. ಫೋರ್ಸ್‌ಮನ್ 1979ರಲ್ಲಿ ನಿಧನರಾದರು, ಹೃದಯದ ಕಾಯಿಲೆಯಿಂದಲೇ.